ವಕೀಲರು ವಂಶವೃಕ್ಷವನ್ನೇ ಕೇಳಲಿಲ್ಲ, ಈಗ ಸೈಟಿನ ಮೇಲೆ ಕೇಸು. ಏನು ಮಾಡಲಿ?

ಮಂಡಿಪೇಟೆ ಟೈಲರಕ್ಕ:
ನಾನು ದಾವಣಗೆರೆ ಮಂಡಿಪೇಟೆಯಲ್ಲಿ ಬ್ಲೌಸ್ ಹೊಲಿಯುವವಳು. 18 ವರ್ಷ ಮಷೀನ್ ತುಳಿದು ಕೂಡಿಟ್ಟ ದುಡ್ಡು, ತವರಿನ ಸರ ಮಾರಿದ್ದು, ಎಲ್ಲಾ ಸೇರಿಸಿ ಕಳೆದ ವರ್ಷ ನಿಟುವಳ್ಳಿ ಕಡೆ 30x40 ಸೈಟು ತಗೊಂಡೆವು. 22 ಲಕ್ಷ. ವಕೀಲರನ್ನು ಕರೆತಂದಿದ್ದು ಮಾರಿದವರೇ. "ನಮ್ಮ ಮನೆ ವಕೀಲರು, ನಿಮಗೂ ಅವರೇ ನೋಡಿಕೊಡ್ತಾರೆ, ಸುಮ್ನೆ ಯಾಕೆ ಎರಡೆರಡು ಖರ್ಚು" ಅಂದರು. ನಮಗೂ ಹೌದಲ್ವಾ ಅನ್ನಿಸಿತು. ಈಗ ಆ ಮಾತು ನೆನೆದರೆ ಮೈ ಉರಿಯುತ್ತದೆ.

ಆ ವಕೀಲರು ಇ.ಸಿ. (ಋಣಭಾರ ಪತ್ರ) ತೆಗೆಸಿದರು, ಖಾತೆ ನೋಡಿದರು, ಕಂದಾಯದ ರಸೀದಿ ನೋಡಿದರು. 8,000 ತಗೊಂಡು ಎರಡು ಪುಟದ ಅಭಿಪ್ರಾಯ ಬರೆದುಕೊಟ್ಟರು. ಮನೆ ಕಟ್ಟಲು ಸಾಲಕ್ಕೆ ಹೋದೆವು. ಬ್ಯಾಂಕಿನ ವಕೀಲರು ಕಾಗದ ಬಿಡಿಸಿದವರೇ ಕೇಳಿದರು: "2006ರ ಪಾಲುಪಟ್ಟಿಯಲ್ಲಿ ಮೂವರು ಅಣ್ಣತಮ್ಮಂದಿರ ಸಹಿ ಇದೆ. ಹೆಣ್ಣುಮಕ್ಕಳು ಇರಲಿಲ್ವಾ? ವಂಶವೃಕ್ಷ ಎಲ್ಲಿ?"

ಮಾರಿದವರಿಗೆ ಒಬ್ಬ ಅಕ್ಕ ಇದ್ದಾಳೆ. ಹರಿಹರಕ್ಕೆ ಕೊಟ್ಟಿದ್ದಾರೆ. ನಾವು ರಿಜಿಸ್ಟರ್ ಮಾಡಿಸುವ ಎಂಟು ತಿಂಗಳ ಮೊದಲೇ ಪಾಲು ಕೇಳಿ ಕೇಸು ಹಾಕಿದ್ದಾಳೆ. ಸಾಲ ಸಿಗಲಿಲ್ಲ.

ನಮ್ಮ ವಕೀಲರನ್ನು ಕೇಳಿದರೆ "ಇ.ಸಿ.ಯಲ್ಲಿ ಬಂದಿಲ್ಲಮ್ಮ, ನಾನೇನು ಮಾಡಲಿ" ಅಂತಾರೆ. ಅವರ ಮೇಲೆ ಕನ್ಸ್ಯೂಮರ್ ಕೋರ್ಟಿಗೆ ಹೋಗಬಹುದಾ?

ಹೊಳಲ್ಕೆರೆ ಹುಡುಗ:
ಅಕ್ಕ, ಆ ದಾರಿ ಮುಚ್ಚಿದೆ. ವಕೀಲರ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ ಅಂತ 2024ರ ಮೇ 14ರಂದು ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಸಿವಿಲ್ ಕೋರ್ಟಿನಲ್ಲಿ ನಷ್ಟ ಕೇಳಬಹುದು. ಮೂರು ವರ್ಷದ ಗಡುವು ಇರುತ್ತದೆ, ತಡ ಮಾಡಬೇಡಿ. ರಾಜ್ಯ ವಕೀಲರ ಪರಿಷತ್ತಿಗೂ ದೂರು ಕೊಡಬಹುದು. ಅವರು ಸನ್ನದು ಅಮಾನತು ಮಾಡಬಹುದೇ ಹೊರತು ನಿಮ್ಮ 22 ಲಕ್ಷ ಕೊಡಿಸುವುದಿಲ್ಲ.

ದುರ್ಗದವನು:
ಮಾರುವವರ ವಕೀಲರನ್ನೇ ನಂಬಿದ್ದು ನಿಮ್ಮ ತಪ್ಪಲ್ವಾ?

ರಿಟೈರ್ಡ್ ಗುಮಾಸ್ತ:
ತಪ್ಪು ಎಣಿಸುವುದು ಆಮೇಲೆ. ತಂಗೀ, ಮೊದಲು ಸೈಟು ಉಳಿಸಿಕೊಳ್ಳುವುದು ನೋಡು.

ಇ.ಸಿ.ಯಲ್ಲಿ ಬರುವುದು ನೋಂದಣಿ ಆದ ಪತ್ರಗಳು. ಕೋರ್ಟಿನಲ್ಲಿರುವ ದಾವೆ ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ. ಅದು ವಕೀಲರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಕೋರ್ಟು ಕೇಸುಗಳ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಮಾರಿದವರ ಹೆಸರು ಹಾಕಿ ಹುಡುಕಿದ್ದರೆ ಸಿಗುತ್ತಿತ್ತು. ಅದೂ ಬೇಡ, 2006 ಅನ್ನುವ ಇಸವಿ ನೋಡಿದರೇ ಸಾಕಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಆ ತಿದ್ದುಪಡಿ ಮುಟ್ಟದೆ ಬಿಟ್ಟಿದ್ದು 2004ರ ಡಿಸೆಂಬರ್ 20ಕ್ಕೆ ಮೊದಲು ಆದ ವಿಭಾಗ, ಮಾರಾಟದಂಥವನ್ನು ಮಾತ್ರ. ಹೆಣ್ಣುಮಗಳನ್ನು ಬಿಟ್ಟು ಮಾಡಿದ 2006ರ ಪಾಲುಪಟ್ಟಿ ಕಂಡರೆ ನಮ್ಮ ಆಫೀಸಿನ ಜೂನಿಯರ್ ಹುಡುಗ ಕೂಡ ವಂಶವೃಕ್ಷ ಕೇಳುತ್ತಿದ್ದ.

ಕೇಸು ನಡೆಯುವಾಗ ಕೊಂಡರೆ ಕ್ರಯಪತ್ರ ರದ್ದಾಗುವುದಿಲ್ಲ, ಆದರೆ ತೀರ್ಪು ನಿನಗೂ ಅನ್ವಯ. ಅದಕ್ಕೇ ಆ ಕೇಸಿನಲ್ಲಿ ನಿನ್ನನ್ನೂ ಪಾರ್ಟಿ ಮಾಡಿಕೊಳ್ಳಿ ಅಂತ ಇಂಪ್ಲೀಡ್ ಅರ್ಜಿ ಹಾಕಿಸು. ಈ ಸೈಟನ್ನು ಮಾರಿದವನ ಪಾಲಿಗೇ ಹಾಕಿ ಅಂತ ಕೋರ್ಟನ್ನು ಕೇಳಿಕೊಳ್ಳಬಹುದು. ಅವನ ಪಾಲಿಗೆ ಬೇರೆ ಜಾಗವೂ ಇದೆಯಾ ನೋಡು, ಇದ್ದರೆ ಜಾಸ್ತಿ ಅನುಕೂಲ. ಕ್ರಯಪತ್ರದಲ್ಲಿ "ಮುಂದೆ ತಕರಾರು ಬಂದರೆ ನಾನೇ ಹೊಣೆ" ಅನ್ನುವ ಸಾಲು ಇರುತ್ತದೆ. ಅದನ್ನು ಹಿಡಿದು ಅವನಿಗೆ ನೋಟಿಸ್ ಕೊಡಿಸು. ವಕೀಲರು ಬರೆದುಕೊಟ್ಟ ಎರಡು ಪುಟ ಇದೆ ತಾನೇ?

ಮಂಡಿಪೇಟೆ ಟೈಲರಕ್ಕ:
ಇದೆ ಅಣ್ಣಾ. ಸಹಿ, ಸೀಲು ಎರಡೂ ಇವೆ. 8,000 ಫೋನಿನಲ್ಲೇ ಹಾಕಿದ್ದು, ಅದೂ ಸಿಕ್ಕಿತು. ಮಾರಿದವರಿಗೆ ಅದೇ ಓಣಿಯಲ್ಲಿ ಇನ್ನೂ ಎರಡು ಸೈಟು ಇವೆ, ಖಾಲಿ ಬಿದ್ದಿವೆ.

ದುರ್ಗದ ಅಣ್ಣಾ, ತಪ್ಪು ನನ್ನದೂ ಇದೆ, ಇಲ್ಲ ಅಂದೆನಾ? ಗಿರಾಕಿ ತಂದ ಬಟ್ಟೆ ಕತ್ತರಿಸುವ ಮೊದಲು ನಾನು ಎರಡು ಸಲ ಅಳತೆ ತೆಗೆಯುತ್ತೇನೆ. ಅವರು ಅಷ್ಟಾದರೂ ಮಾಡಬಹುದಿತ್ತು ಅಂತ ನನ್ನ ಸಂಕಟ.

ಹರಿಹರದ ಆ ಅಕ್ಕನ ಮೇಲೆ ಸಿಟ್ಟಿಲ್ಲ. ಅವಳ ಪಾಲು ಅವಳು ಕೇಳಿದ್ದಾಳೆ. ಸೋಮವಾರ ಅಂಗಡಿ ಬಾಗಿಲು ಹಾಕಿ ಕೋರ್ಟಿಗೆ ಹೋಗುತ್ತೇವೆ. ಈ ಸಲ ವಕೀಲರನ್ನು ನಾವೇ ಹುಡುಕಿದ್ದೇವೆ.