ಕ್ಯಾಂಪರ್ ವ್ಯಾನಿಗೆ ಎಸಿ, ಜನರೇಟರ್: ನಮ್ಮ ಮೂರು ಮನೆಗಳ ಅನುಭವ

ಬನಶಂಕರಿ ಬಡಾವಣೆಯವರೊಬ್ಬರು ಕೇಳಿದ್ದು ಇಷ್ಟು: ಸೆಕೆಂಡ್ ಹ್ಯಾಂಡ್ ಟಿಟಿ (ಟೆಂಪೋ ಟ್ರಾವೆಲರ್) ಕೊಂಡಿದ್ದಾರೆ. ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿಯನ್ನು ಕರೆದುಕೊಂಡು ಸುತ್ತಬೇಕು, ರಾತ್ರಿ ಗಾಡಿಯಲ್ಲೇ ಮಲಗಬೇಕು. ಬಾಡಿ ಕಟ್ಟುವವರು ಒಂದೂವರೆ ಟನ್ ಸ್ಪ್ಲಿಟ್ ಎಸಿ ಹಾಕಿ, 5 ಕೆವಿಎ ಡೀಸೆಲ್ ಜನರೇಟರನ್ನು ಹಿಂದಿನ ಡಿಕ್ಕಿಗೆ ಕೂರಿಸಿಕೊಡ್ತೀವಿ ಅಂದಿದ್ದಾರೆ. ಒಪ್ಪಿಕೊಳ್ಳಲಾ?

ಬೇಡ ಸರ್. ದಯವಿಟ್ಟು ಇನ್ನೂ ಅಡ್ವಾನ್ಸ್ ಕೊಡಬೇಡಿ. ನಾವು ರಾಜಾಜಿನಗರದವರು, ನಮ್ಮ ಗಾಡಿಗೆ ನಾಲ್ಕು ವರ್ಷವಾಯಿತು. ಕೆಂಗೇರಿಯಲ್ಲಿರುವ ನಮ್ಮ ಭಾವ ಒಂದು, ಯಲಹಂಕದ ನನ್ನ ಸಹೋದ್ಯೋಗಿ ಒಂದು ಹೀಗೆಯೇ ಮಾಡಿಸಿಕೊಂಡಿದ್ದಾರೆ. ನಿನ್ನೆ ರಾತ್ರಿ ಇಬ್ಬರಿಗೂ ಫೋನ್ ಮಾಡಿ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಮೂವರೂ ಮಾಡಿದ್ದು ಒಂದೇ ತಪ್ಪು. ಮೊದಲು ಜನರೇಟರ್ ಕೊಂಡೆವು, ಆಮೇಲೆ ಎಸಿ, ಛಾವಣಿಯ ಬಿಸಿಯ ಬಗ್ಗೆ ಯೋಚಿಸಿದ್ದು ಕೊನೆಗೆ. ಇದನ್ನು ಪೂರ್ತಿ ತಿರುಗಿಸಿ ಮಾಡಬೇಕಿತ್ತು.

ಟಿಟಿಯ ಮೇಲ್ಛಾವಣಿ ಬರೀ ತಗಡು. ಏಪ್ರಿಲ್‌ನಲ್ಲಿ ಹಂಪಿಗೆ ಹೋಗಿದ್ದಾಗ ಮಧ್ಯಾಹ್ನ ಮೂರು ಗಂಟೆಗೆ ಒಳಗಿನ ತಗಡಿಗೆ ಕೈ ಇಟ್ಟವನು ತಕ್ಷಣ ತೆಗೆದೆ. ಎಸಿ ಎಷ್ಟು ಓಡಿದರೂ ತಲೆಯ ಮೇಲೆ ಕಾವಲಿ ಕವುಚಿಟ್ಟ ಹಾಗಿತ್ತು. ವಾಪಸ್ ಬಂದು ಸೀಲಿಂಗ್ ಪೂರ್ತಿ ಬಿಚ್ಚಿಸಿ, ಬಿಸಿ ತಡೆಯುವ 19 ಮಿಲಿಮೀಟರ್ ನೈಟ್ರೈಲ್ ಫೋಮ್ ಅಂಟಿಸಿ ಮೇಲೆ ಪ್ಲೈವುಡ್ ಹೊಡೆಸಿದೆವು. ಡ್ರೈವರ್ ಸೀಟಿನ ಹಿಂದೆ ದಪ್ಪ ಪರದೆ, ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಶೀಟ್. ಅದೇ ಎಸಿ, ಮರುವರ್ಷ ಅದೇ ಹಂಪಿ, ಹತ್ತು ನಿಮಿಷದಲ್ಲಿ ನನ್ನ ಹೆಂಡತಿ ಹೊದಿಕೆ ಕೇಳಿದಳು. ಬಾಡಿಯವರು ಎಸಿ ಮಾತು ಎತ್ತುವ ಮೊದಲು ಫೋಮ್ ಎಷ್ಟು ದಪ್ಪ ಹಾಕ್ತೀರಿ ಅಂತ ಕೇಳಿ.

ಅಷ್ಟು ಮಾಡಿಸಿದರೆ ಮಲಗುವ ಭಾಗಕ್ಕೆ 0.8 ಟನ್ ಇನ್ವರ್ಟರ್ ಎಸಿ ಸಾಕು, ಹೆಚ್ಚೆಂದರೆ 1 ಟನ್. ಸಣ್ಣ ಜಾಗಕ್ಕೆ ಒಂದೂವರೆ ಟನ್ ಹಾಕಿದರೆ ಬೇಗ ತಣ್ಣಗಾಗಿ ಕಂಪ್ರೆಸರ್ ನಿಂತುಬಿಡುತ್ತದೆ, ಗಾಳಿಯಲ್ಲಿರುವ ತೇವ ಹಾಗೇ ಉಳಿಯುತ್ತದೆ. ಗೋಕರ್ಣ, ಮಂಗಳೂರಿನ ಕಡೆ ಇದು ಚೆನ್ನಾಗಿ ಗೊತ್ತಾಗುತ್ತದೆ: ಮೈ ತಣ್ಣಗಿರುತ್ತದೆ, ಹಾಸಿಗೆ ಜಿಗುಟು ಜಿಗುಟು. ನಮ್ಮ 0.8 ಟನ್ ಎಸಿ ಜೋರಾಗಿ ಓಡುವಾಗ 850 ವ್ಯಾಟ್ ಎಳೆಯುತ್ತದೆ, ತಣ್ಣಗಾದ ಮೇಲೆ 300ರಿಂದ 400.

ಇನ್ವರ್ಟರ್ ಎಸಿಯೇ ಯಾಕೆ ಅಂದರೆ, ಮೊದಲು ನಾವು ಹಾಕಿಸಿದ್ದು 1 ಟನ್ನಿನ ಸಾಮಾನ್ಯ ವಿಂಡೋ ಎಸಿ. ಅಂಗಡಿಯವರು 2 ಕೆವಿಎ ಜನರೇಟರ್ ಧಾರಾಳ ಸಾಕು ಅಂದಿದ್ದರು. ಓಡುವಾಗ ಸಾಕು, ನಿಜ. ಆದರೆ ಹಳೇ ಥರದ ಕಂಪ್ರೆಸರ್ ಸ್ಟಾರ್ಟ್ ಆಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಜನರೇಟರ್ ಒಮ್ಮೆ ನರಳಿ, ಲೈಟುಗಳು ಮಂಕಾಗಿ, ಟ್ರಿಪ್. ಹಾಸನದ ಬೈಪಾಸಿನಲ್ಲಿ ಒಂದು ಸಂಜೆ ಪೂರ್ತಿ ಹಗ್ಗ ಎಳೆದು ಎಳೆದು ಭುಜ ನೋವು ಬಂತು. ಇನ್ವರ್ಟರ್ ಎಸಿ ನಿಧಾನವಾಗಿ ವೇಗ ಹಿಡಿಯುವುದರಿಂದ ಈ ತೊಂದರೆ ಇಲ್ಲ.

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಜನರೇಟರಿನಲ್ಲಿರುವ ಸಣ್ಣ ಪೆಟ್ರೋಲ್ ಎಂಜಿನ್ನಿನ ಶಕ್ತಿ ಪ್ರತಿ 300 ಮೀಟರಿಗೆ ಸುಮಾರು 3.5 ಶೇಕಡಾ ಇಳಿಯುತ್ತದೆ. ಅಂದರೆ ಇಲ್ಲೇ ಹತ್ತರಲ್ಲಿ ಒಂದು ಪಾಲು ಹೋಯಿತು. ಊಟಿಗೆ ಹೋದರೆ ಕಾಲುಭಾಗ. ಅಲ್ಲಿ ಎಸಿ ಬೇಡ, ಆದರೆ ಇಂಡಕ್ಷನ್ ಒಲೆ ಹಚ್ಚುತ್ತೀರಲ್ಲ. ಜನರೇಟರ್ ಬಾಕ್ಸಿನ ಮೇಲೆ ದೊಡ್ಡದಾಗಿ ಬರೆದಿರುವುದು ಕೆಲವೇ ನಿಮಿಷ ಕೊಡಬಲ್ಲ ಗರಿಷ್ಠ ಶಕ್ತಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿರುವ 'ರೇಟೆಡ್' ಅಂಕಿ, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ, ಹಿಡಿದು ಅದರಲ್ಲಿ ಹತ್ತನೇ ಒಂದು ಕಳೆಯಿರಿ. 1.8 ಇದ್ದರೆ 1.6 ಅಂದುಕೊಳ್ಳಿ. 0.8 ಟನ್ ಎಸಿ, ಫ್ಯಾನ್, ಲೈಟ್, ಮೊಬೈಲ್ ಚಾರ್ಜರ್‌ಗೆ ಅದು ಸಾಕು. ಇಷ್ಟಕ್ಕೆ 5 ಕೆವಿಎ ಡೀಸೆಲ್ ಯಂತ್ರ ಯಾಕೆ? ಅದರ ತೂಕವೇ ನೂರು ಕೆಜಿ ಮೀರುತ್ತದೆ, ಇಪ್ಪತ್ತು ಚಿಲ್ಲರೆ ಕೆಜಿಯ ಸಣ್ಣ ಇನ್ವರ್ಟರ್ ಜನರೇಟರನ್ನು ನಾನೊಬ್ಬನೇ ಎತ್ತಿ ಇಳಿಸುತ್ತೇನೆ.

ಈಗ ಡಿಕ್ಕಿಯ ಮಾತು. ಈ ಬರಹದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಮೊದಲ ವರ್ಷ ಗೋಕರ್ಣದಲ್ಲಿ ಜನರೇಟರನ್ನು ಹಿಂದಿನ ಬಾಗಿಲಿನಿಂದ ಮೂರಡಿ ದೂರ ಇಟ್ಟು, ಕಿಟಕಿ ಮುಚ್ಚಿ, ಎಸಿ ಹಾಕಿಕೊಂಡು ಮಲಗಿದ್ದೆವು. ಮಲಗುವಾಗ ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು, ರಾತ್ರಿ ದಿಕ್ಕು ಬದಲಾಯಿತು. ಎರಡು ಗಂಟೆಗೆ ಮಗಳು ತಲೆನೋವು ಅಂತ ಎದ್ದು ವಾಂತಿ ಮಾಡಿಕೊಂಡಳು. ಮಧ್ಯಾಹ್ನ ತಿಂದ ಮೀನಿನದ್ದಿರಬೇಕು ಅಂದುಕೊಂಡು ಅವಳನ್ನು ಹೊರಗೆ ಕರೆದುಕೊಂಡು ಹೋದೆ. ಹೊರಗಿನ ಗಾಳಿ ತಾಗಿದಾಗಲೇ ನನ್ನ ತಲೆಯೂ ಸಿಡಿಯುತ್ತಿದೆ ಅಂತ ಗೊತ್ತಾಗಿದ್ದು. ಅವಳು ಎದ್ದಿರದಿದ್ದರೆ ಏನಾಗುತ್ತಿತ್ತು ಎಂದು ಇವತ್ತಿಗೂ ಯೋಚಿಸಲು ಆಗುವುದಿಲ್ಲ.

ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತು ಸಿಕ್ಕಿದ್ದು ಇದರಿಂದಲೇ. ಜನರೇಟರಿನ ಹೊಗೆ ಒಳಗೆ ಸೇರಿಕೊಂಡಿತ್ತು. ಡಿಕ್ಕಿಯಲ್ಲಿ ಕೂರಿಸಿ ಪೈಪ್ ಹೊರಗೆ ಬಿಡ್ತೀವಿ ಅಂತ ನಿಮ್ಮವರು ಹೇಳಬಹುದು. ನಮ್ಮ ರಸ್ತೆಯ ಹಂಪುಗಳಲ್ಲಿ ಆ ಪೈಪ್ ಬಿರುಕು ಬಿಡಲು ಎಷ್ಟು ದಿನ ಬೇಕು? ಭಾವನ ಗಾಡಿಯಲ್ಲಿ ಆರೇ ತಿಂಗಳಿಗೆ ಜಾಯಿಂಟ್ ಬಿಟ್ಟು ಡಿಕ್ಕಿಯ ಮೂಲೆಯೆಲ್ಲ ಮಸಿ ಹಿಡಿದಿತ್ತು. ಅವತ್ತೇ ಕಿತ್ತು ಹಾಕಿಸಿದರು. ಜನರೇಟರ್ ಗಾಡಿಯಿಂದ ಕನಿಷ್ಠ ಇಪ್ಪತ್ತು ಅಡಿ ದೂರ, ಬಯಲಲ್ಲಿ, ಎಲ್ಲರೂ ಎಚ್ಚರವಿದ್ದಾಗ ಮಾತ್ರ. ಹಾಸಿಗೆಯ ಮಟ್ಟದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಇರಲಿ. ಹೇಗಿದ್ದರೂ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಜನವಸತಿ ಜಾಗದಲ್ಲಿ ಶಬ್ದದ ಮಿತಿ 45 ಡೆಸಿಬೆಲ್. ಯಾವ ಜನರೇಟರೂ ಕಿಟಕಿ ಪಕ್ಕದಲ್ಲಿ ಅಷ್ಟು ಮೆತ್ತಗೆ ಓಡುವುದಿಲ್ಲ.

ಹಾಗಾದರೆ ರಾತ್ರಿ ಎಸಿ ಹೇಗೆ? ಬ್ಯಾಟರಿ. ನಾವು 12.8 ವೋಲ್ಟ್, 200 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡು ಹಾಕಿದ್ದೇವೆ, ಒಟ್ಟು 5 ಯೂನಿಟ್ ಚಿಲ್ಲರೆ. ರಾತ್ರಿ ಒಂಬತ್ತು ಗಂಟೆ ಎಸಿ ಓಡಿದರೆ ಮೂರೂವರೆ ಯೂನಿಟ್ ಖರ್ಚು. ಮನೆಯ ಯುಪಿಎಸ್ಸಿನ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಅರ್ಧದಷ್ಟೇ ಬಳಸಬೇಕು, ಇಷ್ಟೇ ಶಕ್ತಿಗೆ ಐದಾರು ಬೇಕಾಗುತ್ತದೆ, ಒಂದೊಂದು ಐವತ್ತು ಕೆಜಿ ಮೀರುತ್ತದೆ. ಲಿಥಿಯಂಗೆ ಲಕ್ಷದ ಹತ್ತಿರ ಬಿತ್ತು, ನಿಜ. ಜನರೇಟರ್ ಸಣ್ಣದಾದದ್ದರಲ್ಲಿ ಸ್ವಲ್ಪ ಉಳಿಯಿತು. ಗಾಡಿ ಓಡುವಾಗ ಎಂಜಿನ್ನಿನ ಜೊತೆ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರಿನಿಂದ 40 ಆಂಪಿಯರ್ ಡಿಸಿ-ಡಿಸಿ ಚಾರ್ಜರ್ ಮೂಲಕ ಐದು ಗಂಟೆಯಲ್ಲಿ ಎರಡೂವರೆ ಯೂನಿಟ್ ತುಂಬುತ್ತದೆ. ಕಮ್ಮಿ ಬಿದ್ದರೆ ಸಂಜೆ ಅಡುಗೆ ಹೊತ್ತಿಗೆ ಎರಡು ಗಂಟೆ ಜನರೇಟರ್. ಯಲಹಂಕದವರು ಮೇಲೆ ಸೋಲಾರ್ ಹಾಕಿಸಿದ್ದಾರೆ. ನೆರಳಿಗೆ ನಿಲ್ಲಿಸಿದರೆ ಪ್ಯಾನಲ್ ಕೆಲಸ ಮಾಡಲ್ಲ, ಬಿಸಿಲಿಗೆ ನಿಲ್ಲಿಸಿದರೆ ಗಾಡಿ ಕಾಯುತ್ತದೆ. ಅವರೇ ಹೇಳಿದ ಮಾತು.

ಸ್ಪ್ಲಿಟ್ ಎಸಿಯನ್ನು ಮಾಡಿರುವುದು ಗೋಡೆಗೆ, ಗಾಡಿಗಲ್ಲ. ಚಿಕ್ಕಮಗಳೂರಿಂದ ಬಂದ ಮೇಲೆ ನಮ್ಮದು ಬರೀ ಗಾಳಿ ಬಿಡತೊಡಗಿತು. ನೋಡಿದರೆ ತಾಮ್ರದ ಪೈಪನ್ನು ಜೋಡಿಸುವ ಫ್ಲೇರ್ ನಟ್ ಸುತ್ತ ಎಣ್ಣೆ ಜಿಡ್ಡು, ಅದಕ್ಕೆ ಕೆಂಪು ಧೂಳು ಮೆತ್ತಿಕೊಂಡಿತ್ತು. ಸೋಪಿನ ನೊರೆ ಹಚ್ಚಿದರೆ ಸಣ್ಣ ಗುಳ್ಳೆ ಎದ್ದವು, ಗ್ಯಾಸ್ ಅಲ್ಲಿಂದಲೇ ಸೋರುತ್ತಿತ್ತು. ಹೊರಗಿನ ಯೂನಿಟ್ಟಿಗೆ ರಬ್ಬರ್ ಮೌಂಟ್ ಹಾಕಿಸಿ, ಪೈಪಿಗೆ ಒಂದು ಸುತ್ತು ಸಡಿಲ ಬಿಡಿಸಿ. ಘಾಟಿ ಇಳಿದು ಬಂದಾಗಲೆಲ್ಲ ಆ ನಟ್ ನೋಡುವುದು ಈಗ ನನಗೆ ಅಭ್ಯಾಸವಾಗಿದೆ.

ಬಾಡಿ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನ್ವಯಿಸುತ್ತದೆ, ತಗಡು ಕತ್ತರಿಸುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ಪೆಟ್ರೋಲ್ ಕ್ಯಾನನ್ನು ಮಲಗುವ ಜಾಗದಲ್ಲಿ ಇಡಬೇಡಿ.

ತಾಯಿಯವರ ಜೊತೆ ಮೊದಲ ಪ್ರಯಾಣ ಸಕಲೇಶಪುರದ ಕಡೆ ಆದರೆ ಎಸಿಯೇ ಬೇಕಾಗದು, ಒಂದು ಫ್ಯಾನ್ ಸಾಕು. ಫೋಮ್ ಹಾಕಿಸಿ ಒಂದು ಸಲ ಹಾಗೇ ಹೋಗಿ ಬನ್ನಿ, ಆಮೇಲೆ ಎಸಿ ಕೊಳ್ಳಿ. ಕೊಳ್ಳುವ ದಿನ ತಿಳಿಸಿ ಸರ್, ನನ್ನ ಹತ್ತಿರ ಕ್ಲ್ಯಾಂಪ್ ಮೀಟರ್ ಇದೆ. ಅಂಗಡಿಯಲ್ಲೇ ಓಡಿಸಿ ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ನೋಡಿಬಿಡೋಣ. ಭಾನುವಾರವಾದರೆ ಭಾವನೂ ಬರ್ತಾರಂತೆ.