‘ಬೇಬಿ ಹೇರ್’ ಎಂಬುದಕ್ಕೆ ಮುಂಗುರುಳು ಎಂದರೆ ಸಾಕೇ?

ಕುಶಾಲನಗರದಲ್ಲಿ ಬ್ಯೂಟಿಪಾರ್ಲರ್ ಕೆಲಸ ಕಲಿಯುತ್ತಿರುವ ಹೆಣ್ಣುಮಕ್ಕಳಿಗಾಗಿ ಕೂದಲ ಆರೈಕೆಯ ಕಿರುಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ‘ಬೇಬಿ ಹೇರ್’ ಎಂಬುದನ್ನು ಯೋಚಿಸದೆ ‘ಮಗುವಿನ ಕೂದಲು’ ಎಂದು ಬರೆದುಬಿಟ್ಟಿದ್ದೆ. ಅದನ್ನು ಓದಿದ ಸೋಮವಾರಪೇಟೆ ಕಡೆಯ ಒಬ್ಬ ತಾಯಿ, ‘ಮೇಡಂ, ನನ್ನ ಮಗುವಿಗೆ ಏಳು ತಿಂಗಳು, ಇನ್ನೂ ಹುಟ್ಟುಗೂದಲು ತೆಗೆಸಿಲ್ಲ, ಅದಕ್ಕೂ ಜೆಲ್ ಹಚ್ಚಬಹುದಾ?’ ಎಂದು ಕೇಳಿದಾಗಲೇ ನನ್ನ ತಪ್ಪು ನನಗೆ ಹೊಳೆದದ್ದು. ಹಣೆಯಂಚಿನಲ್ಲಿ, ಕಿವಿಯ ಮುಂದೆ ಜಡೆಗೆ ಸಿಕ್ಕದೆ ಉಳಿಯುವ, ವಯಸ್ಸಿಗೆ ಬಂದವರಲ್ಲೂ ಇರುವ ಗಿಡ್ಡನೆಯ ಮೆತ್ತನೆಯ ಕೂದಲಿಗೆ ಸರಿಯಾದ ಕನ್ನಡ ಪದ ಯಾವುದು ಎಂಬುದು ನನ್ನ ಪ್ರಶ್ನೆ.

ಮೊದಲು ನೆನಪಾಗುವುದು ‘ಮುಂಗುರುಳು’. ಮುಂಗೈ, ಮುಂಗಾಲುಗಳಂತೆ ಇದೂ ಮುಂದಿನ ಕುರುಳು. ಆದರೆ ಈ ಪದ ಕೂದಲಿನ ಸ್ಥಾನವನ್ನೂ ಸುರುಳಿಯನ್ನೂ ಹೇಳುತ್ತದೆಯೇ ಹೊರತು ಅದು ಸಣ್ಣದೋ ಉದ್ದವೋ, ನಯವೋ ಒರಟೋ ಎಂಬುದನ್ನು ಹೇಳುವುದಿಲ್ಲ. ಗಲ್ಲದವರೆಗೆ ಇಳಿಬಿಟ್ಟ ಉದ್ದನೆಯ ಎಳೆಯೂ ಮುಂಗುರುಳೇ. ಸಂಸ್ಕೃತದವರು ಇನ್ನಷ್ಟು ಸೂಕ್ಷ್ಮವಾಗಿ ನೋಡಿದ್ದಾರೆ: ಅಮರಕೋಶವು ಗುಂಗುರು ಕೂದಲನ್ನು ಅಲಕ, ಚೂರ್ಣಕುಂತಲ ಎಂದು ಕರೆದು, ಅದೇ ಹಣೆಯ ಮೇಲಿದ್ದರೆ ‘ಭ್ರಮರಕ’ ಎನ್ನುತ್ತದೆ. ಹಣೆಗೆ ದುಂಬಿಗಳು ಮುತ್ತಿಕೊಂಡಂತೆ ಕಾಣುವ ಚಿತ್ರ ಸೊಗಸಾಗಿದೆಯಾದರೂ, ಮನೆಯಲ್ಲಿ ಕೊಡವ ತಕ್ಕನ್ನೋ ಅರೆಭಾಷೆಯನ್ನೋ ಮಲಯಾಳವನ್ನೋ ಆಡಿ ಓದುವುದಕ್ಕೆ ಮಾತ್ರ ಕನ್ನಡವನ್ನು ಬಳಸುವ ನಮ್ಮ ಹುಡುಗಿಯರ ಮುಂದೆ ಅದನ್ನಿಡುವ ಧೈರ್ಯ ನನಗಿಲ್ಲ.

‘ಎಳೆಗೂದಲು’ ನನಗೆ ಹೆಚ್ಚು ಹಿಡಿಸಿದೆ. ಎಳನೀರು, ಎಳೆಬಿಸಿಲುಗಳ ಸಾಲಿಗೆ ಇದು ಸಹಜವಾಗಿ ಸೇರುತ್ತದೆ. ತೊಡಕೆಂದರೆ, ‘ಎಳೆ’ ಎಂದರೆ ನೂಲಿನ ಎಳೆಯೂ ಹೌದು, ಜಗ್ಗುವುದೂ ಹೌದು. ‘ಎಳೆಗೂದಲನ್ನು ಎಳೆದು ಕಟ್ಟಬೇಡಿ’ ಎಂದು ಬರೆದರೆ ಪ್ರಾಸದ ಚಪಲವೆಂದು ನಕ್ಕಾರು. ಆದರೂ ಆ ಎಚ್ಚರಿಕೆಯನ್ನು ಕೈಬಿಡುವಂತಿಲ್ಲ. ಹಾಕಿ ಆಡುವ ನಮ್ಮ ಹುಡುಗಿಯರು ವರ್ಷಗಟ್ಟಲೆ ಜುಟ್ಟನ್ನು ಬಿಗಿದು ಕಟ್ಟುತ್ತಾರೆ. ಹಾಗೆ ಸದಾ ಜಗ್ಗುತ್ತಿದ್ದರೆ ಹಣೆಯಂಚಿನ ಕೂದಲು ಉದುರುತ್ತದೆ, ಬಹುಕಾಲ ಹೀಗೇ ನಡೆದರೆ ಬುಡ ಹಾಳಾಗಿ ಮತ್ತೆ ಹುಟ್ಟುವುದೇ ಇಲ್ಲ.

ಮೂರನೆಯದು ‘ನವಿರು’. ಇಂದು ಇದನ್ನು ನಾವು ‘ನವಿರಾದ ಹಾಸ್ಯ’ ಎಂಬಂತೆ ಗುಣವಾಚಕವಾಗಿಯೇ ಬಳಸುತ್ತೇವೆ. ಹಳಗನ್ನಡದಲ್ಲಿ ‘ನವಿರ್’ ಎಂದರೆ ಕೂದಲೇ; ಆ ಅರ್ಥ ‘ನವಿರೇಳು’ ಎಂಬಲ್ಲಿ ಇನ್ನೂ ಉಸಿರಾಡುತ್ತಿದೆ. ಮೈಮೇಲಿನ ಬಣ್ಣವಿಲ್ಲದ ಸಣ್ಣ ಕೂದಲನ್ನು ವೈದ್ಯರು ‘ವೆಲ್ಲಸ್’ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ಅದು ಕುರಿಯ ಉಣ್ಣೆಯ ಹೆಸರು. ಅವರಿಗೆ ಉಣ್ಣೆ ಒದಗಿದಂತೆ ನಮಗೆ ನವಿರು ಒದಗಲಾರದೇ?

ಆದರೆ ಹಣೆಯಂಚಿನ ಗಿಡ್ಡಕೂದಲೆಲ್ಲವೂ ನವಿರಲ್ಲ. ಪ್ರಶ್ನೆ ಕೇಳಿದ ಆ ತಾಯಿಯ ಹಣೆಯ ಮೇಲೆಯೇ ಒಂದು ಅಂಗುಲದಷ್ಟು ಕೂದಲು ಹುಲ್ಲಿನ ಮೊಳಕೆಯಂತೆ ನೆಟ್ಟಗೆ ನಿಂತಿತ್ತು. ಕೂದಲು ತುಂಡಾಗುತ್ತಿದೆಯೆಂದು ಹೆದರಿ ಅವರು ದಿನವೂ ಕೊಬ್ಬರಿ ಎಣ್ಣೆ ಮೆತ್ತುತ್ತಿದ್ದರು; ಅದೂ ನಮ್ಮ ಡಿಸೆಂಬರ್ ಚಳಿಗೆ ಶೀಶೆಯಲ್ಲೇ ಗಟ್ಟಿಯಾಗುವ ಎಣ್ಣೆ. ಹೆರಿಗೆಯಾಗಿ ಸುಮಾರು 3 ತಿಂಗಳಿಗೆ ಕೂದಲುದುರಿ ಮತ್ತೆ ಹುಟ್ಟುವುದು ಸಾಮಾನ್ಯ. ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವ ಲೆಕ್ಕದಲ್ಲಿ ನೋಡಿದರೆ ಅದು ತುಂಡಾದ ಕೂದಲಲ್ಲ, ಹೊಸದಾಗಿ ಹುಟ್ಟಿದ್ದು. ಒಂದರ್ಥದಲ್ಲಿ ನಿಜಕ್ಕೂ ಮಗುವಿನಿಂದ ಬಂದ ಕೂದಲು! ಇದನ್ನು ‘ಮರುಹುಟ್ಟಿನ ಕೂದಲು’ ಎಂದು ಬೇರೆಯಾಗಿಯೇ ಹೆಸರಿಸಬೇಕೆಂದು ನನಗನ್ನಿಸುತ್ತದೆ.

ಇನ್ನು ಕ್ರಿಯಾಪದ. ಈ ಕೂದಲನ್ನು ಜೆಲ್ ಹಚ್ಚಿ ಹಣೆಗೆ ಅಲೆಅಲೆಯಾಗಿ ಕೂರಿಸುವ ಕಲೆಯನ್ನು ಬೆಳೆಸಿದವರು ಮುಖ್ಯವಾಗಿ ಅಮೆರಿಕದ ಕಪ್ಪು ಮತ್ತು ಲ್ಯಾಟಿನೋ ಮಹಿಳೆಯರು; 1925ರಲ್ಲಿ ಪ್ಯಾರಿಸ್‌ಗೆ ಹೋಗಿ ಹೆಸರಾದ ನರ್ತಕಿ ಜೋಸೆಫಿನ್ ಬೇಕರ್ ಹಣೆಗಂಟಿದ ಕುರುಳುಗಳಿಗೆ ಪ್ರಸಿದ್ಧಳು. ಇದಕ್ಕೆ ‘ಬಾಚು’ ಸಾಲದು, ‘ನೇವರಿಸು’ ಎಂದರೆ ಮುದ್ದು ಹೆಚ್ಚಾಯಿತು. ಮೀಸೆ ತೀಡುವ, ತಿಲಕ ತೀಡುವ ‘ತೀಡು’ ಇಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ: ‘ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿಗೆ ಚೂರೇ ಲೋಳೆಸರ ತಾಗಿಸಿ ಎಳೆಗೂದಲನ್ನು ತೀಡಿ, ಮಲಗುವ ಮುನ್ನ ತೊಳೆಯಿರಿ.’

ಸದ್ಯಕ್ಕೆ ಕೈಪಿಡಿಯಲ್ಲಿ ‘ಎಳೆಗೂದಲು’ ಎಂದಿಟ್ಟು, ತೀಡಿ ಸುರುಳಿ ಮಾಡಿದ ಮೇಲೆ ಮಾತ್ರ ‘ಮುಂಗುರುಳು’ ಎಂದು ಬರೆದಿದ್ದೇನೆ. ಜಡೆ ಹೆಣೆಯುವಾಗ ಕೈಗೆ ಸಿಕ್ಕದ ಈ ಕೂದಲನ್ನು ನಿಮ್ಮ ಮನೆಯ ಹಿರಿಯ ಹೆಂಗಸರು ಏನೆಂದು ಕರೆಯುತ್ತಿದ್ದರು ಎಂಬುದನ್ನು, ಊರಿನ ಹೆಸರಿನೊಂದಿಗೆ, ದಯವಿಟ್ಟು ತಿಳಿಸಿ.