ತಮ್ಮನಿಗೆ ದುಆ ಮಾಡಬಾರದೇ? – ಓದುಗರ ಸ್ಪಂದನ

(ಕಳೆದ ವಾರದ ಪತ್ರ: ತಮ್ಮ ತಾನೇ ಜೀವ ಕಳೆದುಕೊಂಡ. ಪೋಸ್ಟ್‌ಮಾರ್ಟಮ್‌ಗೆಂದು ಮಯ್ಯಿತ್ ಒಂದು ರಾತ್ರಿ ಶವಾಗಾರದಲ್ಲೇ ಉಳಿಯಿತು. ಅವನಿಗೆ ದುಆ (ಪ್ರಾರ್ಥನೆ) ಮಾಡಿ ಪ್ರಯೋಜನವಿಲ್ಲ ಅಂತಾರೆ ನೆಂಟರು. ಉಮ್ಮ (ಅಮ್ಮ) ಮಾತೇ ಬಿಟ್ಟಿದ್ದಾರೆ.)

ಮಗಳೇ, ಹನ್ನೊಂದು ವರ್ಷದ ಹಿಂದೆ ನನ್ನ ಮಗನೂ ಹೀಗೇ ಹೋದ. ಮನೆಗೆ ಬಂದವರು ಅವನ ಹೆಸರೇ ಎತ್ತಲಿಲ್ಲ, ಅಡುಗೆಮನೆಯಲ್ಲಿ ನಿಂತು ಯಾಕಂತೆ ಏನಂತೆ ಅಂತ ಪಿಸುಗುಟ್ಟಿದರು. ಹಾರ್ಟ್ ಅಟ್ಯಾಕ್ ಅಂತ ಹೇಳಿಬಿಡು ಎಂದರು. ಎರಡು ವರ್ಷ ಹಾಗೇ ಹೇಳಿದೆ, ಸುಳ್ಳು ಹೇಳಿ ಹೇಳಿ ಮಗನಿಗಾಗಿ ಅಳುವುದಕ್ಕೂ ಆಗದ ಹಾಗಾಯಿತು. ಕೊನೆಗೆ ನಮ್ಮ ಪಳ್ಳಿಯ (ಮಸೀದಿಯ) ಹಿರಿಯ ಉಸ್ತಾದರ (ಧರ್ಮಗುರುಗಳ) ಮುಂದೆ ಅತ್ತುಬಿಟ್ಟೆ. ಅವರು ಸಹೀಹ್ ಮುಸ್ಲಿಂ ಎಂಬ ಗ್ರಂಥದ ಒಂದು ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಹೇಳಿದರು. ಪ್ರವಾದಿಯವರ ಸಂಗಾತಿ ತುಫೈಲ್ ಬಿನ್ ಅಮ್ರ್ ಜೊತೆ ಮದೀನಾಕ್ಕೆ ಹಿಜ್ರಾ (ವಲಸೆ) ಬಂದಿದ್ದ ಒಬ್ಬರು ಕಾಯಿಲೆಯ ಸಂಕಟ ತಾಳಲಾರದೆ ತಾವೇ ಜೀವ ಕಳೆದುಕೊಂಡರು. ಆಮೇಲೆ ತುಫೈಲರ ಕನಸಿಗೆ ಬಂದಾಗ ಚೆನ್ನಾಗಿಯೇ ಇದ್ದರು, ಕೈ ಮಾತ್ರ ಮುಚ್ಚಿಕೊಂಡಿದ್ದರು. ಇದನ್ನು ಕೇಳಿ ಪ್ರವಾದಿಯವರು (ಸ.), ಅಲ್ಲಾಹನೇ, ಅವನ ಕೈಗಳನ್ನೂ ಕ್ಷಮಿಸು ಎಂದು ದುಆ ಮಾಡಿದರು. ಅವರೇ ಮಾಡಿದ ಮೇಲೆ ನಿನಗೆ ಬೇಡ ಅನ್ನಲು ಈ ನೆಂಟರು ಯಾರು? ಉಮ್ಮನ ಪಕ್ಕ ಕೂತು ಕುರ್‌ಆನಿನ ಯಾಸೀನ್ ಅಧ್ಯಾಯ ಓದು. ಅವನ ಹೆಸರು ಹಿಡಿದೇ ಓದು.
– ಒಬ್ಬ ತಾಯಿ, ಪುತ್ತೂರು

ಸಹೋದರಿ, ಅಸ್ಸಲಾಮು ಅಲೈಕುಂ. ನಾನು ಮದ್ರಸದಲ್ಲಿ ಕಲಿಸುವವನು. ಜೀವ ತೆಗೆದುಕೊಳ್ಳುವುದು ದೊಡ್ಡ ಪಾಪ, ನಿಜ. ಆದರೆ ಅದರಿಂದ ಯಾರೂ ಇಸ್ಲಾಮಿನಿಂದ ಹೊರಗೆ ಹೋಗುವುದಿಲ್ಲ. ಶಾಫಿ, ಹನಫಿ ಎರಡೂ ಧರ್ಮಶಾಸ್ತ್ರ ಪಂಥಗಳಲ್ಲಿ ಅಂಥವರಿಗೆ ಜನಾಝಾ ನಮಾಝ್ (ಅಂತ್ಯಕ್ರಿಯೆಯ ಪ್ರಾರ್ಥನೆ) ಇದೆ. ಅಂಥ ಒಬ್ಬರ ನಮಾಝನ್ನು ಪ್ರವಾದಿಯವರು ತಾವೇ ಮಾಡಲಿಲ್ಲ ಅಂತ ಹದೀಸ್ ಇದೆ, ಜನ ಅದನ್ನಷ್ಟೇ ಹಿಡಿದುಕೊಳ್ಳುತ್ತಾರೆ. ಅದು ಉಳಿದವರಿಗೆ ಎಚ್ಚರಿಕೆ ಅಂತ ಉಲಮಾಗಳು (ಧಾರ್ಮಿಕ ವಿದ್ವಾಂಸರು) ವಿವರಿಸಿದ್ದಾರೆ. ಇನ್ನು ತಮ್ಮನ ಮನಸ್ಸು ಆ ಹೊತ್ತಲ್ಲಿ ಎಷ್ಟು ಹದಗೆಟ್ಟಿತ್ತೋ ಅಲ್ಲಾಹನಿಗೆ ಮಾತ್ರ ಗೊತ್ತು. ಅವನು ನರಕಕ್ಕೆ ಹೋದ ಅಂತ ತೀರ್ಪು ಕೊಡುವ ಹಕ್ಕು ನಮಗ್ಯಾರಿಗೂ ಇಲ್ಲ.
– ಬಂಟ್ವಾಳ

ದಫನ ತಡವಾಯಿತು ಅಂತ ಕೊರಗಬೇಡಿ. ಸೂರ್ಯ ಮುಳುಗಿದ ಮೇಲೂ ಪೋಸ್ಟ್‌ಮಾರ್ಟಮ್ ಮಾಡಬಹುದು ಅಂತ ಕೇಂದ್ರ ಸರ್ಕಾರ 2021ರಲ್ಲಿ ಹೇಳಿತು, ಆದರೆ ಇಂಥ ಸಾವುಗಳನ್ನು ಸಾಮಾನ್ಯವಾಗಿ ಅದರಿಂದ ಹೊರಗಿಟ್ಟಿದೆ. ಅದು ಕಾನೂನು, ನಿಮ್ಮ ತಪ್ಪಲ್ಲ. ನನಗೆ ಜಾಸ್ತಿ ಚಿಂತೆ ಉಮ್ಮನದು. ಊಟ, ನಿದ್ದೆ ಬಿಟ್ಟಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾನೂ ಅವನ ಜೊತೆ ಹೋಗ್ತೀನಿ ಅಂತ ಒಂದು ಸಲ ಅಂದರೂ ಸುಮ್ನೆ ಅಂದದ್ದು ಅಂದುಕೊಳ್ಳಬೇಡಿ, ಒಬ್ಬರನ್ನೇ ಬಿಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.
– ನರ್ಸ್, ಮಂಗಳೂರು